ತವರಿಗೆ ಮರಳಿದ ತಾಖಿ

ತಾತ್ಸಾರದ ವಸ್ತುವನ್ನು ತೃಣಸಮಾನವೆನ್ನುವುದು ನಮ್ಮ ವಾಡಿಕೆ. ಕಾಡೆಂದರೆ ಮರವಿರಬೇಕು, ಮೃಗದರ್ಶನವೆಂದರೆ ಹುಲಿ ಕಾಣಬೇಕು; ಬರಿಯ ಹುಲ್ಲಿನ ಬಯಲಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳುವವರೇ ಬಹಳ. ಮಂಗೋಲಿಯ ದೇಶದ ಹುಸ್ತಾಯ್ ರಾಷ್ಟ್ರೀಯ ಉದ್ಯಾನದ ವೃತ್ತಾಂತವನ್ನು ಅರಿತವರು ಹಾಗೆ ಕೇಳಲಾರರು.

ರಾಜಧಾನಿಯಾದ ಉಲಾನ್‌ಬಾತರಿನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ, ತೂಲ್ ನದಿಯ ಸಮೀಪದಲ್ಲಿ, ಸುಮಾರು 50,000 ಹೆಕ್ಟೇರುಗಳಷ್ಟು ಹಬ್ಬಿರುವ ಗುಡ್ಡ ಹುಲ್ಲುಗಾವಲುಗಳ ಸೀಮೆಯದು. ಅಲ್ಲಿಯ ಮುಖ್ಯ ನಿವಾಸಿ ತಾಖಿ ಎಂಬ ಕಾಡುಕುದುರೆ. ಗಿಡ್ಡ ಮೈಕಟ್ಟು, ಮಣ್ಣಿನ ಬಣ್ಣ, ಬಿಳುಪಾದ ಮೂತಿ, ನೆಟ್ಟಗೆ ನಿಂತ ಕೇಸರ. ಅದರ ತೊಗಲನ್ನೂ ತಲೆಬುರುಡೆಯನ್ನೂ ರಷ್ಯಕ್ಕೆ ಒಯ್ದ ಸೈನ್ಯಾಧಿಕಾರಿ ಪ್ರ್ಜೆವಾಲ್ಸ್ಕಿಯ ಹೆಸರನ್ನು ಯುರೋಪಿನ ಪಂಡಿತರು 1881ರಲ್ಲಿ ಅದಕ್ಕೆ ಅಂಟಿಸಿದರು. ತಲೆತಲಾಂತರದಿಂದ ಅದರೊಡನೆ ಬಾಳಿದವರನ್ನು ಯಾರೂ ಕೇಳಲಿಲ್ಲವೆಂದು ತೋರುತ್ತದೆ! ನಾವಾದರೋ ತಾಖಿಯೆಂದೇ ಕರೆಯುವೆವು.

1969ರಲ್ಲಿ ಗೋಬಿ ಮರುಭೂಮಿಯ ಅಂಚಿನಲ್ಲಿ ಕಂಡುದೇ ಕಡೆಯ ದರ್ಶನ. ಆ ಬಳಿಕ ನಿಸರ್ಗದಲ್ಲಿ ತಾಖಿ ಇಲ್ಲವಾಯಿತು. ಮೃಗಾಲಯಗಳಲ್ಲಿ ಉಳಿದಿದ್ದವು ಹನ್ನೆರಡು ಹದಿಮೂರು ಪೂರ್ವಜರ ಸಂತತಿ ಮಾತ್ರ. ನೆದರ್ಲೆಂಡ್ಸಿನ ಬೌಮನ್ ದಂಪತಿಗಳು 1977ರಲ್ಲಿ ಒಂದು ಪ್ರತಿಷ್ಠಾನವನ್ನು ಕಟ್ಟಿ, ಅವುಗಳ ಪುನಃಸ್ಥಾಪನೆಗೆ ಕಂಕಣ ತೊಟ್ಟರು. 1992ರ ಬೇಸಿಗೆಯಲ್ಲಿ 16 ಕುದುರೆಗಳು ವಿಮಾನದಲ್ಲಿ ಬಂದಿಳಿದವು. 2000ದ ವೇಳೆಗೆ ಬಂದವು ಒಟ್ಟು 84. ಇಂದು ಹುಸ್ತಾಯಿಯೊಂದರಲ್ಲಿಯೇ ಅವು ಮುನ್ನೂರಕ್ಕೂ ಮಿಕ್ಕಿವೆ.

ಅವನ್ನು ನೋಡಲು ಆತುರ ಸಲ್ಲದು. ಬೇಸಿಗೆಯ ಹಗಲಿನಲ್ಲಿ ಸೆಕೆಗೂ ನೊಣಗಳಿಗೂ ಬೇಸತ್ತು ಗಾಳಿ ಬೀಸುವ ದಿಣ್ಣೆಗಳನ್ನು ಏರಿರುತ್ತವೆ. ಸಂಜೆ ತಂಪಾದಾಗ ನೀರಿಗೆ ಇಳಿಯುತ್ತವೆ. ಅಲ್ಲಿಯವರೆಗೆ ದುರ್ಬೀನು ಹಿಡಿದು ತೆಪ್ಪಗೆ ಕುಳಿತಿರಬೇಕು. ಬಿಲದ ಬಾಯಲ್ಲಿ ಮಾರ್ಮೊಟ್ ಎಂಬ ದೊಡ್ಡ ಅಳಿಲಿನ ಜಾತಿಯ ಪ್ರಾಣಿ ಸಿಳ್ಳು ಹಾಕಿತೆಂದರೆ ತೋಳವೋ ಹದ್ದೋ ಸುಳಿದಿದೆಯೆಂದು ಊಹಿಸಬಹುದು. ಅದು ನಮ್ಮನ್ನು ಕಂಡೂ ಸಿಳ್ಳು ಹಾಕೀತು.

ಆದರೆ ತಾಖಿಗೆ ತೋಳಕ್ಕಿಂತ ಹೆಚ್ಚಿನ ಭಯ ಸಾಕುಕುದುರೆಯದು. ತಾಖಿಗೆ 66 ವರ್ಣತಂತುಗಳು, ಸಾಕುಕುದುರೆಗೆ 64. ಆದರೂ ಇವೆರಡರ ಮರಿ ಹೇಸರಗತ್ತೆಯಂತೆ ಬಂಜೆಯಲ್ಲ. ಬೆರಕೆ ನಡೆಯಿತೆಂದರೆ, ಮಹಾಪ್ರಯತ್ನದಿಂದ ಉಳಿಸಿದ ವಂಶ ನಾಲ್ಕಾರು ತಲೆಮಾರಿನಲ್ಲಿ ಸದ್ದಿಲ್ಲದೆ ಕರಗೀತು. ಆದುದರಿಂದ ಸುತ್ತಲಿನ ದನಗಾಹಿಗಳು ತಮ್ಮ ಗಂಡುಕುದುರೆಗಳನ್ನು ದೂರವಿಡಬೇಕಾಗಿದೆ, ಚಳಿಗಾಲದಲ್ಲಿ ಕಣ್ಣೆದುರಿಗೇ ಇರುವ ಹುಲ್ಲನ್ನು ಬಿಡಬೇಕಾಗಿದೆ. ಮಂಗೋಲನಿಗೆ ಇದು ಸಣ್ಣ ತ್ಯಾಗವಲ್ಲ. ಹಿಮ ಬಿದ್ದ ವರ್ಷ ಮಂದೆಗೆ ಮಂದೆಯೇ ಸಾಯುವ ನಾಡದು. ನೋಡಬಂದವರು ತೆರುವ ಹಣದಲ್ಲಿ ಮೊದಲ ಪಾಲು ಈ ದನಗಾಹಿಗಳಿಗೆ ಸಲ್ಲತಕ್ಕದ್ದೆಂದು ನಮ್ಮ ದೃಢವಾದ ಅಭಿಪ್ರಾಯ. ಅವರು ಮನಸ್ಸು ಮಾಡಿದರೆ ಉಂಟು ತಾಖಿ. ಮುನಿದರೆ ಯಾವ ಕಾವಲುಗಾರನೂ ಆ ಬಯಲನ್ನು ಕಾಯಲಾರನು.