ಕೊಕ್ಕಿನ ನಡುವಣ ಕಿಂಡಿ

ಶ್ರೀರಂಗಪಟ್ಟಣದ ಬಳಿ, ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು, ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. ದೋಣಿಯೇರಿದವರು ಕ್ಯಾಮೆರಾ ಹಿಡಿಯುವುದು ಸಹಜ. ಜೊತೆಗೊಂದು ಪೆನ್ಸಿಲು, ಹಾಳೆ ಇದ್ದರೆ ದೊರೆಯುವ ಆನಂದವೇ ಬೇರೆ.

ಬಾಯ್ಕಳಕ ಕೊಕ್ಕರೆಯ ಚಿತ್ರ ಬರೆಯಹೊರಟವರ ಕೈ ಕೊಕ್ಕಿನ ಬಳಿ ಥಟ್ಟನೆ ನಿಲ್ಲುತ್ತದೆ. ಮುಚ್ಚಿದಾಗಲೂ ಅದರ ನಡುವೆ ಕಿಂಡಿ! ಬಸವನಹುಳುಗಳನ್ನು ಹಿಡಿಯಲು ಅದು ನೆರವಾಗುವುದೆಂದು ಪಕ್ಷಿತಜ್ಞರ ಎಣಿಕೆ. ಮರಿಗಳಲ್ಲಿ ಈ ಕಿಂಡಿ ಕಾಣದು, ಬೆಳೆದಂತೆ ಮೂಡುತ್ತದೆ. ಕ್ಯಾಮೆರಾ ತಾನಾಗಿ ದಾಖಲಿಸುವ ಇಂಥ ವಿವರವನ್ನು ಚಿತ್ರಕಾರನ ಕಣ್ಣು ಹುಡುಕಿ ಕಾಣಬೇಕು.

ಆದರೆ ಒಳ್ಳೆಯ ಚಿತ್ರದಾಸೆಗೆ ಗೂಡಿನ ಸಮೀಪಕ್ಕೆ ನುಗ್ಗಲಾಗದು. ತಾಯಿಹಕ್ಕಿ ಬೆದರಿ ಹಾರಿದರೆ ಮೊಟ್ಟೆಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ದೂರದಲ್ಲಿ ಮೌನವಾಗಿ ಕಾಯಬಲ್ಲವರಿಗೆ ಹಕ್ಕಿಗಳು ತಮ್ಮ ಸಂಸಾರವನ್ನೇ ತೆರೆದು ತೋರುತ್ತವೆ.