ಬೆಂಕಿ ಗೆದ್ದವರಿಗೆ ಎದೆಯೇ ಕೈಕೊಟ್ಟರೆ?

ಅಗ್ನಿಶಾಮಕ ದಳದವರು ಡ್ಯೂಟಿಯಲ್ಲಿ ಸತ್ತರೆ ಬೆಂಕಿಯಲ್ಲಿ ಬೆಂದೋ, ಹೊಗೆ ಕುಡಿದೋ ಸತ್ತಿರಬೇಕು ಅಂತ ನಾವು ನೀವೆಲ್ಲ ತಿಳಿದಿದ್ದೇವೆ. ಆದರೆ ಅಮೆರಿಕದ ಲೆಕ್ಕವೇ ಬೇರೆ.

ಅಲ್ಲಿ 1994ರಿಂದ 2004ರವರೆಗೆ ಕರ್ತವ್ಯದಲ್ಲಿದ್ದಾಗ ಮಡಿದ 1,144 ಮಂದಿಯ ಪೈಕಿ 449 ಮಂದಿಯನ್ನು ಬಲಿ ತೆಗೆದುಕೊಂಡದ್ದು ಹೃದ್ರೋಗ. ಅಂದರೆ ನೂರಕ್ಕೆ 39! 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರು ಈ ಲೆಕ್ಕಕ್ಕೆ ಸೇರಿಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾ. ಸ್ಟೆಫನೋಸ್ ಕೇಲ್ಸ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಬಯಲಿಗೆ ತಂದರು.

ಇನ್ನೊಂದು ಸಂಗತಿ ಕೇಳಿ. ದಳದವರು ನಿಜವಾಗಿ ಬೆಂಕಿ ಆರಿಸುವ ಹೊತ್ತು ಇಡೀ ಡ್ಯೂಟಿಯಲ್ಲಿ ನೂರಕ್ಕೆ 1ರಿಂದ 5 ಪಾಲು ಮಾತ್ರ. ಎದೆನೋವಿಗೆ ಬಲಿಯಾದವರಲ್ಲಿ ನೂರಕ್ಕೆ 32 ಮಂದಿ ಹೋದದ್ದು ಆ ಚೂರು ಹೊತ್ತಿನಲ್ಲೇ.

ಯಾಕೆ ಹೀಗೆ? ಗಂಟೆ ಹೊಡೆದರೆ ಮಲಗಿದ್ದವನು ಎದ್ದು ಓಡಬೇಕು. ದಪ್ಪ ಉಡುಪು ತೊಟ್ಟು, ಗಾಳಿ ಸಿಲಿಂಡರ್ ಬೆನ್ನಿಗೇರಿಸಿ, ಉರಿಯುವ ಮನೆಯ ಮೆಟ್ಟಿಲು ಹತ್ತಬೇಕು. ಮೈ ಕುದಿಯುತ್ತದೆ, ಬೆವರು ಹರಿಯುತ್ತದೆ, ಎದೆ ಡವಗುಟ್ಟುತ್ತದೆ. ಎಡಿನ್‌ಬರೋ ವಿಶ್ವವಿದ್ಯಾನಿಲಯದವರು ಆರೋಗ್ಯವಂತ 19 ಮಂದಿ ದಳದವರನ್ನು ಅಣಕು ಬೆಂಕಿಗಿಳಿಸಿ ನೋಡಿದರು. ಅವರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿತ್ತು, ರಕ್ತನಾಳ ಸಡಿಲಗೊಳ್ಳುವುದು ಕಡಿಮೆಯಾಗಿತ್ತು ಎಂದು 2017ರಲ್ಲಿ ವರದಿ ಮಾಡಿದರು. ಗಟ್ಟಿಮುಟ್ಟಾದವರ ಪಾಡೇ ಇದಾದರೆ, ಬಿ.ಪಿ., ಬೊಜ್ಜು, ಬೀಡಿ ಸಿಗರೇಟು ಇಟ್ಟುಕೊಂಡವರ ಗತಿ ಏನು?

ಇದಕ್ಕೆ ದಾರಿ ಇಲ್ಲದಿಲ್ಲ. ಇಂಡಿಯಾನಾ ರಾಜ್ಯದ 1,104 ಮಂದಿ ದಳದವರ ಮೇಲೆ ಹತ್ತು ವರ್ಷ ಕಣ್ಣಿಟ್ಟ ವರದಿ 2019ರಲ್ಲಿ ಬಂತು. ಒಂದೇ ಪಟ್ಟಿಗೆ 40ಕ್ಕಿಂತ ಹೆಚ್ಚು ಪುಷ್-ಅಪ್ ಹೊಡೆದವರಿಗೆ, ಹತ್ತೂ ಮುಟ್ಟದವರಿಗಿಂತ ಹೃದಯದ ತೊಂದರೆ ನೂರಕ್ಕೆ 96 ಪಾಲು ಕಡಿಮೆಯಿತ್ತು. ಹಾಗಂತ ಪುಷ್-ಅಪ್ ಏನೂ ಮಂತ್ರವಲ್ಲ. ಒಟ್ಟಾರೆ ತೊಂದರೆಗೆ ಸಿಕ್ಕವರು 37 ಮಂದಿ ಅಷ್ಟೇ. ಮೈ ಪಳಗಿದೆಯೋ ಇಲ್ಲವೋ ಎಂದು ತಿಳಿಯಲು ಅದೊಂದು ಅಳತೆಗೋಲು.

ಎಚ್ಚರವೂ ಬೇಕು. ಆ 449 ಮಂದಿಯಲ್ಲಿ ನೂರಕ್ಕೆ 12ರಷ್ಟು ಮಂದಿ ಸತ್ತದ್ದು ಕಸರತ್ತು ಮಾಡುವಾಗಲೇ! ಆದ್ದರಿಂದ ಮೊದಲು ಡಾಕ್ಟರ ತಪಾಸಣೆ, ಆಮೇಲೆ ದಿನಾ ಸ್ವಲ್ಪ ಸ್ವಲ್ಪವಾಗಿ ಕಸರತ್ತು. ಅಮೆರಿಕದಲ್ಲಿ ದಳದವರ ಸಂಘ ಮತ್ತು ಮೇಲಧಿಕಾರಿಗಳ ಸಂಘ 1997ರಲ್ಲೇ ಕೈಜೋಡಿಸಿ ಇಂಥ ಯೋಜನೆ ತಂದವು. ಫಿಟ್ ಇಲ್ಲದವನನ್ನು ಶಿಕ್ಷಿಸುವುದಲ್ಲ, ಸುಧಾರಿಸುವುದು ಅದರ ಉದ್ದೇಶ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ದಳದವರ ನೆನಪಿಗೆ ನಮ್ಮಲ್ಲಿ ವರ್ಷವರ್ಷವೂ ಅಗ್ನಿಶಾಮಕ ಸೇವಾ ದಿನ ನಡೆಯುತ್ತದೆ. ಅಂದು ಹುತಾತ್ಮರಿಗೆ ಹೂವಿಡುವ ದೊಡ್ಡವರು, ಬದುಕಿರುವವರ ಬಿ.ಪಿ., ಇ.ಸಿ.ಜಿ. ನೋಡಿಸಿ, ಡ್ಯೂಟಿ ವೇಳೆಯಲ್ಲೇ ಒಂದು ಗಂಟೆ ಕಸರತ್ತಿಗೆ ಬಿಟ್ಟುಕೊಟ್ಟರೆ ಖರ್ಚೇನೂ ಭಾರೀ ಆಗದು. ಕೇಳುವ ಹಕ್ಕು ನಮ್ಮದೂ ಹೌದು. ನಾಳೆ ನಮ್ಮ ಮನೆಗೆ ಬೆಂಕಿ ಬಿದ್ದರೆ ಏಣಿ ಹತ್ತುವವರು ಅವರೇ ತಾನೆ?