ಬೋಲ್ಟನ್ನಿನ ಜೇಡಿ, ವಿಜಯಪುರದ ಎರೆ

ವಿಕ್ಟೋರಿಯಾ ಡೇ ಕಳೆದು ಇಬ್ಬನಿ ಹೆಪ್ಪುಗಟ್ಟುವ ಭಯ ತಪ್ಪಿದೊಡನೆ ಬೋಲ್ಟನ್ನಿನ ನಮ್ಮ ಹಿತ್ತಿಲುಗಳಲ್ಲಿ ಮೆಂತ್ಯ, ಹರಿವೆ, ಬದನೆಗಳ ಸಂಭ್ರಮ. ಜುಲೈ ಬಂತೆಂದರೆ ಒಂದೇ ದೂರು: "ಅಗೆದು ನೋಡಿದರೆ ಮಣ್ಣು ತೇವವಾಗಿಯೇ ಇದೆ, ಗಿಡ ಮಾತ್ರ ಬಾಡುತ್ತಿದೆ." ನೀರಿದ್ದೂ ಗಿಡಕ್ಕೆ ದಕ್ಕದೇಕೆ?

ಮಣ್ಣಿನ ಕಣಗಳ ನಡುವೆ ಸಣ್ಣ, ದೊಡ್ಡ ಸಂದುಗಳಿವೆ. ಮಳೆ ನಿಂತ ಮೇಲೆ ದೊಡ್ಡ ಸಂದುಗಳ ನೀರು ಮೊದಲು ಬಸಿದು, ಅಲ್ಲಿ ಗಾಳಿ ತುಂಬುತ್ತದೆ. ಸಣ್ಣವು ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರನ್ನು ಹಿಡಿದಿಡುತ್ತವೆ. ಸಂದು ಕಿರಿದಾದಷ್ಟೂ ಹಿಡಿತ ಬಿಗಿ. 0.3 ಮಿ.ಮೀ. ಅಗಲದ ಕೊಳವೆಯಲ್ಲಿ ನೀರು ಸುಮಾರು 10 ಸೆಂ.ಮೀ. ಏರಿದರೆ, 0.03 ಮಿ.ಮೀ. ಅಗಲದ್ದರಲ್ಲಿ 1 ಮೀಟರ್ ಏರುತ್ತದೆ. ಸುಮಾರು 0.0002 ಮಿ.ಮೀ.ಗಿಂತ ಕಿರಿದಾದ ಸಂದಿನ ನೀರು ಸಾಮಾನ್ಯ ಬೆಳೆಯ ಬೇರಿಗೆ ಸಿಕ್ಕುವುದೇ ಇಲ್ಲ. ಮಣ್ಣಿನ ಈ ಎಳೆತವನ್ನು 1907ರಲ್ಲಿ ಲೆಕ್ಕಕ್ಕೆ ತಂದವರು ಅಮೆರಿಕದ ಎಡ್ಗರ್ ಬಕಿಂಗ್‌ಹ್ಯಾಮ್.

ನಮ್ಮೂರಿನ ಉತ್ತರಕ್ಕೆ ಓಕ್ ರಿಜಸ್ ಮೊರೇನ್ ಇದೆ. ಹಿಮಯುಗ ಬಿಟ್ಟುಹೋದ, ಸುಮಾರು 160 ಕಿ.ಮೀ. ಉದ್ದದ ಮರಳು-ಜಲ್ಲಿಯ ದಿಬ್ಬ. ಅಲ್ಲಿ ಮಳೆನೀರು ಬೇಗ ಇಳಿದು, ಒರತೆಗಳಾಗಿ ಹಂಬರ್ ನದಿಯನ್ನು ಸೇರುತ್ತದೆ. ಬೋಲ್ಟನ್ನಿನ ಬಹುಪಾಲು ಹಿತ್ತಿಲುಗಳದು ಜೇಡಿ. ನೀರು ಧಾರಾಳ, ಆದರೆ ಹೆಚ್ಚಿನದು ಬಿಗಿ ಸಂದುಗಳಲ್ಲಿ. ಮನೆ ಕಟ್ಟುವಾಗ ಯಂತ್ರಗಳ ಭಾರಕ್ಕೆ ದೊಡ್ಡ ಸಂದುಗಳು ಕುಸಿದಿದ್ದರೆ ಬೇರಿಗೆ ಗಾಳಿಯೂ ಇಲ್ಲ.

ವಿಜಯಪುರದ ಎರೆಭೂಮಿಯೂ ಜಿಗುಟೇ. ಆದರೂ ಅಲ್ಲಿ ಹಿಂಗಾರಿ ಬಿಳಿಜೋಳ ಬಹುಮಟ್ಟಿಗೆ ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುತ್ತದೆ. ಮಣ್ಣಿನ ಆಳ ಒಂದು ಕಾರಣ. ರೈತನ ಎಡೆಕುಂಟೆ ಇನ್ನೊಂದು. ಕುಂಟೆ ಹೊಡೆದರೆ ಬಿರುಕು ಮುಚ್ಚಿ, ಮೇಲ್ಪದರ ಸಡಿಲವಾಗುತ್ತದೆ. ಕೆಳಗಿನ ಸಣ್ಣ ಸಂದುಗಳ ನೀರು ಮೇಲಿನ ದೊಡ್ಡ ಸಂದುಗಳಿಗೆ ಸುಲಭವಾಗಿ ದಾಟದು; ಬಿಸಿಲಿಗೆ ಆರುವುದು ಕಡಿಮೆ.

ಇದೇ ಕಾರಣಕ್ಕೆ ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ಸುಳ್ಳು. ಮೇಲಿನ ಮಣ್ಣು ಹೆಚ್ಚುಕಡಿಮೆ ತುಂಬಿ ತೊಟ್ಟಿಕ್ಕುವವರೆಗೂ ನೀರು ಜಲ್ಲಿಗೆ ಇಳಿಯುವುದಿಲ್ಲ.

ಹಾಗಾದರೆ ಮಾಡುವುದೇನು? ಜೇಡಿಗೆ ಒಂದೆರಡು ಚೀಲ ಮರಳು ಸುರಿಯುವ ಬದಲು ಪ್ರತಿವರ್ಷ ಕಾಂಪೋಸ್ಟ್ ಬೆರೆಸೋಣ. ಕಣಗಳು ಉಂಡೆಗಟ್ಟಿ ನಡುಗಾತ್ರದ ಸಂದುಗಳು ಹುಟ್ಟುತ್ತವೆ. ಮಣ್ಣು ಒದ್ದೆಯಿರುವಾಗ ತುಳಿಯದಿರೋಣ. ಮೇಲೆ ಒಣಹುಲ್ಲು, ತರಗೆಲೆ ಹೊದಿಸೋಣ. ಹೆಚ್ಚಾದ ಸೊಪ್ಪನ್ನು ಸಂಘದ ಊಟದ ದಿನ ತರಲು ಮರೆಯಬೇಡಿ!